ಜೇಡ ತರುವ ಮೊದಲು ಅದರ ಮನೆ ಸಿದ್ಧವಿರಲಿ

ಮೂರು ವರ್ಷದ ಹಿಂದೆ ನಾವು ಕಳಿಸಿದ ಒಂದು ಸುದ್ದಿಗೆ ಡೆಸ್ಕಿನವರು ‘ಮನೆಯಲ್ಲೇ ಸಾವಿನ ಜೇಡ!’ ಎಂದು ತಲೆಬರಹ ಕೊಟ್ಟಿದ್ದರು. ಅವರನ್ನು ದೂರುವಂತಿಲ್ಲ. ‘ಪ್ರಾಣಾಂತಕ’ ಎಂಬ ಪದ ನಮ್ಮ ಕಾಪಿಯಲ್ಲೇ ಇತ್ತು. ತಾಲೂಕು ಕೇಂದ್ರದ ಡಿಗ್ರಿ ಹುಡುಗನೊಬ್ಬ ಟರಾಂಟುಲಾ ಸಾಕಿದ್ದಾನೆಂದು ಯಾರೋ ಫೋನ್ ಮಾಡಿದರು. ಹೋದೆವು, ಫೋಟೊ ತೆಗೆದೆವು, ಹತ್ತು ನಿಮಿಷದಲ್ಲಿ ಹೊರಗೆ ಬಂದೆವು. ಅದು ಯಾವ ಜಾತಿ, ಎಲ್ಲಿಂದ ಬಂತು, ಹೇಗೆ ಇಟ್ಟಿದ್ದಾನೆ ಎಂದು ಕೇಳಲೇ ಇಲ್ಲ.

ಆಮೇಲೆ ಎರಡು ಸಂಗತಿ ನಡೆದವು. ಪಕ್ಕದ ಹಳ್ಳಿಯಲ್ಲಿ ಅಡಿಕೆ ತೋಟದ ಬದುವಿನಲ್ಲಿದ್ದ ಜೇಡರಹುಳುವಿನ ಬಿಲಗಳಿಗೆಲ್ಲ ಕುದಿಯುವ ನೀರು ಸುರಿದರು. ಅಷ್ಟು ವರ್ಷ ಅವು ಯಾರ ತಂಟೆಗೂ ಬಂದಿರಲಿಲ್ಲ. ‘ನಿಮ್ಮ ಪೇಪರಿನಲ್ಲೇ ಬಂದಿತ್ತಲ್ಲ ಸಾರ್’ ಎಂದರು. ಎರಡನೆಯದು, ಹುಡುಗನ ಜೇಡ ಹದಿನೈದು ದಿನದೊಳಗೆ ಸತ್ತಿತು. ಕೊಂದದ್ದು ಅಕ್ಕಪಕ್ಕದವರಲ್ಲ, ಅವನು ಕೊಟ್ಟ ಮನೆ. ಒಂದೂವರೆ ಅಡಿ ಎತ್ತರದ ಮೀನಿನ ತೊಟ್ಟಿ, ತಳದಲ್ಲಿ ಎರಡು ಇಂಚು ಮರಳು, ಅಂದಕ್ಕೆ ನಾಲ್ಕು ಕಲ್ಲು. ರಾತ್ರಿ ಗಾಜು ಹತ್ತಿದ ಜೇಡ ಕಲ್ಲಿನ ಮೇಲೆ ಬಿದ್ದು ಹೊಟ್ಟೆ ಒಡೆದುಕೊಂಡಿತ್ತು.

ಇದು ನಮ್ಮೂರಿನಲ್ಲಿ ಮಾತ್ರ ಆದದ್ದಲ್ಲ. 2012ರಲ್ಲಿ ಅಸ್ಸಾಂನ ಸದಿಯಾದಲ್ಲಿ ಜೇಡಗಳು ಊರಿಗೇ ದಾಳಿ ಇಟ್ಟವೆಂದು ಸುದ್ದಿ ದೇಶ ದಾಟಿ ಹೋಯಿತು. ಜೇಡ ಕಚ್ಚಿ ಇಬ್ಬರು ಸತ್ತರೆಂದು ಬರೆದರು. ಅವರನ್ನು ಮೊದಲು ಮಂತ್ರವಾದಿಗಳ ಹತ್ತಿರ ಕರೆದೊಯ್ದು ಬ್ಲೇಡಿನಿಂದ ಗಾಯ ಕೊಯ್ಯಿಸಿದ್ದರು ಎಂಬುದು ಕೊನೆಯ ಪ್ಯಾರಾಕ್ಕೆ ಹೋಯಿತು. ಸಾವಿಗೆ ಜೇಡವೇ ಕಾರಣ ಎಂಬುದು ರುಜುವಾಗಲಿಲ್ಲ.

ಹೆದರಿಸಿ ಬರೆಯುವುದರಿಂದ ಜನರಿಗೂ ಜೇಡಕ್ಕೂ ಉಪಯೋಗವಿಲ್ಲ. ಸಾಕುವ ಹುಡುಗರು ನಮ್ಮ ಸುದ್ದಿ ಓದಿ ನಿಲ್ಲಿಸುವುದೂ ಇಲ್ಲ, ಬಚ್ಚಿಟ್ಟು ಸಾಕುತ್ತಾರೆ ಅಷ್ಟೇ. ಹಾಗಾಗಿ ಅಂದು ಬರೆಯಬೇಕಿದ್ದುದನ್ನು ಇಂದು ಬರೆಯುತ್ತಿದ್ದೇವೆ.

ಮೊದಲನೆಯದು ಎತ್ತರ. ನೆಲದ ಮೇಲೆ, ಬಿಲದಲ್ಲಿ ಬದುಕುವ ಟರಾಂಟುಲಾಕ್ಕೆ ಅಗಲ ಬೇಕು, ಎತ್ತರ ಬೇಡ. ಕಾಲು ಚಾಚಿದಾಗ ಐದು ಇಂಚು ಬರುವ ಜೇಡಕ್ಕೆ ಹದಿನೈದರಿಂದ ಇಪ್ಪತ್ತು ಇಂಚು ಉದ್ದದ ಪೆಟ್ಟಿಗೆ ಸಾಕು. ಮಣ್ಣಿನ ಮೇಲ್ಭಾಗದಿಂದ ಮುಚ್ಚಳಕ್ಕೆ ಏಳೂವರೆ ಇಂಚು ದಾಟಬಾರದು, ಅಂದರೆ ಕಾಲಳತೆಯ ಒಂದೂವರೆ ಪಟ್ಟು. ಪೆಟ್ಟಿಗೆ ಎತ್ತರವಿದ್ದರೆ ಮಣ್ಣನ್ನೇ ಹೆಚ್ಚು ತುಂಬಿಸಿ. ಜೇಡದ ಹೊಟ್ಟೆ ನೀರು ತುಂಬಿದ ಬಲೂನಿನ ಹಾಗೆ, ನಮಗೆ ಒಂದು ಗೇಣು ಅನ್ನಿಸುವುದು ಅದಕ್ಕೆ ಮಹಡಿಯಿಂದ ಬಿದ್ದ ಲೆಕ್ಕ. ಸಣ್ಣ ಮರಿಯಾದರೆ ದೊಡ್ಡ ಪೆಟ್ಟಿಗೆ ಬೇಡ, ಆಹಾರ ಹುಡುಕಲಾಗದೆ ಸೊರಗುತ್ತದೆ. ಸಣ್ಣ ಡಬ್ಬಿಯಲ್ಲಿ ಸೂಜಿ ತೂತು ಮಾಡಿ ಇಟ್ಟು, ಬೆಳೆದ ಹಾಗೆ ಬದಲಿಸಬೇಕು.

ಮಣ್ಣಿಗೆ ದುಡ್ಡು ಸುರಿಯಬೇಕಿಲ್ಲ. ಹೊರದೇಶಗಳಲ್ಲಿ ಜೇಡ ಸಾಕುವವರು ಇಟ್ಟಿಗೆ ರೂಪದಲ್ಲಿ ಕೊಂಡು ತರುವ ತೆಂಗಿನ ನಾರಿನ ಪುಡಿ ನಮ್ಮ ತಿಪಟೂರು, ಅರಸೀಕೆರೆ ಕಡೆಯ ನಾರಿನ ಘಟಕಗಳಲ್ಲಿ ರಾಶಿ ಬಿದ್ದಿರುತ್ತದೆ. ಗೊಬ್ಬರ, ಔಷಧಿ ಬೆರೆಸದ ಪುಡಿ ತಂದು ತೊಳೆದು ಒಣಗಿಸಿ, ಬಿಲ ತೋಡುವಷ್ಟು ಆಳಕ್ಕೆ ಒತ್ತಿ ತುಂಬಿಸಿ. ಮರಳು, ಜಲ್ಲಿ ಬೇಡ. ಅವಿತುಕೊಳ್ಳಲು ಅರ್ಧ ತೆಂಗಿನ ಚಿಪ್ಪನ್ನೋ ಮಡಕೆಯ ಓಡನ್ನೋ ಬೋರಲು ಹಾಕಿ, ಒಳಗೆ ಹೋಗಲು ದಾರಿ ಬಿಡಿ. ಸೀಸೆಯ ಮುಚ್ಚಳದಷ್ಟು ಬಟ್ಟಲಲ್ಲಿ ನೀರು ಸದಾ ಇರಲಿ.

ಮುಚ್ಚಳದಲ್ಲೇ ಹೊಸಬರು ಹೆಚ್ಚು ಎಡವುವುದು. ಗಾಳಿ ಆಡಲೆಂದು ತಂತಿ ಜಾಲರಿ ಹಾಕಿದರೆ ಜೇಡದ ಕಾಲಿನ ತುದಿಯ ಉಗುರು ಅದರಲ್ಲಿ ಸಿಕ್ಕಿಕೊಂಡು, ಎಳೆದಾಟದಲ್ಲಿ ಕಾಲೇ ಕಿತ್ತುಬರುತ್ತದೆ. ಅಕ್ರಿಲಿಕ್ ಅಥವಾ ಪ್ಲಾಸ್ಟಿಕ್ ಮುಚ್ಚಳಕ್ಕೆ, ಪಕ್ಕದ ಗೋಡೆಗಳಿಗೆ ಸಣ್ಣ ತೂತು ಕೊರೆಯಿರಿ. ಜೇಡದ ತಲೆಯ ಗಟ್ಟಿ ಭಾಗ ತೂರುವ ಸಂದಿಯಲ್ಲಿ ಇಡೀ ಜೇಡ ತೂರುತ್ತದೆ, ಆ ಲೆಕ್ಕದಲ್ಲಿ ತೂತಿನ ಅಳತೆ ಇರಲಿ. ಮುಚ್ಚಳಕ್ಕೆ ಕ್ಲಿಪ್ಪು ಇರಲೇಬೇಕು. ಮೇಲೆ ಪುಸ್ತಕ ಹೇರಿದರೆ ಸಾಲದು.

ಕಾವು ಕೊಡುವ ದೀಪ ನಮ್ಮ ಹವೆಗೆ ಬೇಡ, 22ರಿಂದ 28 ಡಿಗ್ರಿಯ ನೆರಳಿನ ಕೋಣೆ ಒಳ್ಳೆಯದು. ಕಿಟಕಿಯ ಬಿಸಿಲಿಗೆ ಗಾಜಿನ ಪೆಟ್ಟಿಗೆ ಇಟ್ಟರೆ ಮಧ್ಯಾಹ್ನದೊಳಗೆ ಬೆಂದು ಹೋಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಂಪು ಮೂಲೆ ಹುಡುಕಬೇಕು, ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಗಾಳಿ ಆಡಬೇಕು. ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ ಬಳಸುವ ಕೋಣೆಯಲ್ಲಿ ಇಡಲೇಬಾರದು. ಔಷಧಿ ಹೊಡೆದ ಹೊಲದ ಮಿಡತೆ ಹಿಡಿದು ತಂದು ಹಾಕಿದರೆ ವಿಷವನ್ನೇ ಉಣಿಸಿದ ಹಾಗೆ. ಒಂದು ಪೆಟ್ಟಿಗೆಗೆ ಒಂದೇ ಜೇಡ, ಎರಡಿಟ್ಟರೆ ಒಂದನ್ನೊಂದು ತಿನ್ನುತ್ತವೆ.

ಪೊರೆ ಬಿಡುವಾಗ ಜೇಡ ಅಂಗಾತ ಮಲಗುತ್ತದೆ. ಸತ್ತಿತೆಂದು ತಿಪ್ಪೆಗೆ ಎಸೆದವರಿದ್ದಾರೆ. ಮುಟ್ಟದೆ ಬಿಡಿ, ಜೀವಂತ ಹುಳು ಒಳಗಿದ್ದರೆ ತೆಗೆಯಿರಿ, ಹೊಸ ಕೋರೆ ಗಟ್ಟಿಯಾಗಿ ಕಪ್ಪಾಗುವವರೆಗೆ ಆಹಾರ ಹಾಕಬೇಡಿ.

ಇನ್ನು ಮನುಷ್ಯರ ಮಾತು. ಅಮೆರಿಕ ಖಂಡಗಳ ಬಹುಪಾಲು ಟರಾಂಟುಲಾಗಳು ಹೊಟ್ಟೆಯ ಮೇಲಿನ ರೋಮ ಕೆರೆದು ತೂರುತ್ತವೆ. ಕೈಗೆ ತುರಿಕೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆ. ಪೆಟ್ಟಿಗೆಯೊಳಗೆ ಕೈ ಹಾಕುವ ಬದಲು ಉದ್ದನೆಯ ಚಿಮಟ ಬಳಸಿ, ಆಮೇಲೆ ಕೈ ತೊಳೆಯಿರಿ. ನಮ್ಮ ದೇಶದವಕ್ಕೆ ಆ ರೋಮವಿಲ್ಲ, ಆದರೆ ವೇಗ ಹೆಚ್ಚು, ವಿಷವೂ ಹೆಚ್ಚು. ಮೈಸೂರಿನ ಹೆಸರನ್ನೇ ಹೊತ್ತ ಪೊಸಿಲೊಥೇರಿಯಾ ಸ್ಟ್ರೈಯೇಟಾ ಇರುವ ಕುಲದ ಜೇಡಗಳು ಮರದ ಪೊಟರೆಯಲ್ಲಿ ಬದುಕುವಂಥವು. ಕಚ್ಚಿದರೆ ಜೀವ ಹೋಗದಿದ್ದರೂ ತೀವ್ರ ನೋವು, ದಿನಗಟ್ಟಲೆ ಸ್ನಾಯು ಸೆಳೆತ. ಹಾವಿನ ಕಡಿತಕ್ಕೆ ಕೊಡುವ ಪ್ರತಿವಿಷ ಇದಕ್ಕೆ ನಾಟುವುದಿಲ್ಲ. ಹೊಸಬರು ಸಾಕುವ ಜೇಡ ಇದಲ್ಲವೇ ಅಲ್ಲ. ಮೈಮೇಲೆ ಹರಿಸಿಕೊಂಡು ರೀಲ್ಸ್ ಮಾಡುವುದಂತೂ ಯಾವ ಜೇಡದ ಜೊತೆಗೂ ಬೇಡ.

ಎಲ್ಲಿಂದ ತರುತ್ತೀರಿ ಎಂಬುದು ಮನೆಯಷ್ಟೇ ಮುಖ್ಯ. 2021ರ ಜುಲೈನಲ್ಲಿ ಪೋಲೆಂಡಿನಿಂದ ಅಂಚೆಯಲ್ಲಿ ಬಂದ ಪೊಟ್ಟಣವನ್ನು ಚೆನ್ನೈ ಕಸ್ಟಮ್ಸ್‌ನವರು ಬಿಚ್ಚಿದಾಗ ಬೆಳ್ಳಿ ಹಾಳೆ, ಹತ್ತಿ ಸುತ್ತಿದ ಸಣ್ಣ ಸೀಸೆಗಳಲ್ಲಿ 107 ಜೀವಂತ ಜೇಡಗಳಿದ್ದವು. ಫೋನಿನ ಗುಂಪುಗಳಲ್ಲಿ ಮಾರುವವರ ಸರಕಿನ ದಾರಿ ಹೇಗಿರಬಹುದೆಂದು ಇದರಿಂದ ಊಹಿಸಿ. ಪೊಸಿಲೊಥೇರಿಯಾ ಕುಲ ಇಡಿಯಾಗಿ 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿತು, ಕೆಂಪು ಮಂಡಿಯ ಮೆಕ್ಸಿಕೊ ಜೇಡ ಅದಕ್ಕೂ ಬಹಳ ಮೊದಲೇ ಅಲ್ಲಿದೆ. 2022ರ ತಿದ್ದುಪಡಿಯ ನಂತರ ಈ ಪಟ್ಟಿಯ ಜೀವಿಗಳು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 4ನೇ ಅನುಸೂಚಿಗೆ ಬಂದಿವೆ. ಜೀವಂತವಾಗಿ ಇಟ್ಟುಕೊಂಡವರು ಪರಿವೇಶ್ 2.0 ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕೆಂದು 2024ರ ಫೆಬ್ರವರಿಯ ನಿಯಮ ಹೇಳುತ್ತದೆ. ಕಾಗದಪತ್ರ ಕೇಳಿದರೆ ‘ಅದೆಲ್ಲ ಬೇಡ ಬ್ರೋ’ ಎನ್ನುವವನ ಹತ್ತಿರ ಕೊಳ್ಳಬೇಡಿ. ತೋಟದ ಬದುವಿನಿಂದ, ಕಾಡಿನಿಂದ ಹಿಡಿದು ತರುವುದಂತೂ ಬೇಡವೇ ಬೇಡ. ಪಶ್ಚಿಮ ಘಟ್ಟದ ಥ್ರಿಗ್ಮೋಪಿಯಸ್ ಎಂಬ ಬಿಲಜೇಡದ ಕುಲ ಹೊರದೇಶದಲ್ಲೆಲ್ಲೂ ಇಲ್ಲ. ಅದಕ್ಕೆ ಆ ಬದುವೇ ಸರಿಯಾದ ಮನೆ.

ಹೆಣ್ಣು ಟರಾಂಟುಲಾ ಜಾತಿಗೆ ತಕ್ಕಂತೆ ಹತ್ತರಿಂದ ಇಪ್ಪತ್ತು ವರ್ಷ, ಕೆಲವು ಅದಕ್ಕೂ ಹೆಚ್ಚು ಬದುಕುತ್ತವೆ. ಡಿಗ್ರಿಯಲ್ಲಿ ತಂದದ್ದು ನಿಮ್ಮ ಮಕ್ಕಳು ಶಾಲೆಗೆ ಹೋಗುವಾಗಲೂ ಇರುತ್ತದೆ. ನೀವು ಬೆಂಗಳೂರಿಗೆ ಕೆಲಸಕ್ಕೆ ಹೊರಟರೆ ಊರಲ್ಲಿ ಅಮ್ಮ ನೋಡಿಕೊಳ್ಳುತ್ತಾರೆಯೇ? ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ತರಬೇಡಿ ಎಂಬುದು ನಮ್ಮ ಅಭಿಪ್ರಾಯ.

ಆ ಹುಡುಗನ ಮನೆಗೆ ಕಳೆದ ತಿಂಗಳು ಮತ್ತೆ ಹೋಗಿದ್ದೆವು, ಕ್ಷಮೆ ಕೇಳಲು. ‘ಇನ್ನೊಂದು ತರಬೇಕು ಅಂತಿದೀನಿ ಸಾರ್, ಮನೆಯಲ್ಲಿ ಹೇಳಬೇಡಿ’ ಎಂದ. ಮೊದಲು ಪೆಟ್ಟಿಗೆ ಮಾಡು, ಮಣ್ಣು ತುಂಬಿಸು, ಥರ್ಮಾಮೀಟರ್ ಇಟ್ಟು ಒಂದು ಬೇಸಿಗೆ ಖಾಲಿಯೇ ನೋಡಿಕೋ, ಮನೆಯಲ್ಲೂ ಹೇಳಿಬಿಡು ಎಂದೆವು. ಪೆಟ್ಟಿಗೆ ಮಾಡಿದ್ದಾನೆ. ಮುಚ್ಚಳದ ತೂತು ದೊಡ್ಡದಾಗಿವೆ, ಬದಲಿಸುತ್ತಾನಂತೆ.

ನಮ್ಮ ಜೊತೆ ಓದಿ ಈಗ ಜಿಲ್ಲೆ, ತಾಲೂಕುಗಳಲ್ಲಿ ಸುದ್ದಿ ಮಾಡುತ್ತಿರುವ ಗೆಳೆಯರಿಗೂ ಒಂದು ಮಾತು. ಇಂಥ ಫೋನ್ ಬಂದಾಗ ಮೂರು ಪ್ರಶ್ನೆ ಕೇಳಿ: ಯಾವ ಜಾತಿ, ಎಲ್ಲಿಂದ ಬಂತು, ಯಾವ ಪೆಟ್ಟಿಗೆಯಲ್ಲಿದೆ. ಈ ಮೂರಕ್ಕೆ ಉತ್ತರ ಸಿಗುವವರೆಗೆ ‘ಪ್ರಾಣಾಂತಕ’ ಎಂದು ಟೈಪ್ ಮಾಡಬೇಡಿ. ನಾವು ಮಾಡಿದ್ದೆವು, ಆ ಬದುವಿನ ಬಿಲಗಳು ಈಗಲೂ ಖಾಲಿ ಇವೆ.