ಗೋಡೆಯ ಬರಹ ತಿದ್ದುವವರು

ನಿನ್ನೆ ಖಿರ್ದಿಯಲ್ಲಿ ಬರೆದ ಅಂಕೆಯನ್ನು ಇಂದು ತಿದ್ದಿದರೆ ಅದು ಮೋಸವೆಂದು ಯಾವ ವರ್ತಕನಾದರೂ ಬಲ್ಲ. ಸಂಬಳದ ಚೀಟಿಯಲ್ಲಿ ಅಂಕೆ ತಿದ್ದಿದರೆ ಗಿರಣಿ ಕಾರ್ಮಿಕರು ಸುಮ್ಮನಿರುವರೆ? ಆದರೆ ಮುಖಂಡನೊಬ್ಬ ನಿನ್ನೆ ಕೊಟ್ಟ ಮಾತನ್ನೇ ಇಂದು ತಿದ್ದಿದರೆ ನಾವು ಚಪ್ಪಾಳೆ ತಟ್ಟುತ್ತೇವೆ! ಇದು ಹೇಗೆ ಸಾಧ್ಯ?

1945ರಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್ಲರ 'ಅನಿಮಲ್ ಫಾರ್ಮ್' ಇದಕ್ಕೆ ಉತ್ತರ ಹೇಳುತ್ತದೆ. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಆರ್ವೆಲ್ಲರು ಸಮಾಜವಾದದ ಶತ್ರುಗಳಲ್ಲ. ಸ್ಪೇನಿನಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡಿ 1937ರಲ್ಲಿ ಕುತ್ತಿಗೆಗೆ ಗುಂಡೇಟು ತಿಂದವರು. ಸ್ಟಾಲಿನ್ನನ ಕೈಯಲ್ಲಿ ಕ್ರಾಂತಿಗೆ ಬಂದ ಗತಿಯನ್ನು ಅವರು ಪ್ರಾಣಿಗಳ ಕಥೆಯಾಗಿ ಹೇಳಿದರು.

ಯಜಮಾನನನ್ನು ಓಡಿಸಿದ ಪ್ರಾಣಿಗಳು ಏಳು ನಿಯಮಗಳನ್ನು ಗೋಡೆಯ ಮೇಲೆ ಬರೆಯುತ್ತವೆ. ಹಾಲು, ಸೇಬು ಮಾತ್ರ ಹಂದಿಗಳ ಪಾಲು. ಏಕೆಂದು ವಿವರಿಸಲು ಸ್ಕ್ವೀಲರ್ ಎಂಬ ಮಾತುಗಾರ ಹಂದಿಯಿದೆ. ಅದರ ಉಪಾಯಗಳು ನಾಲ್ಕೇ: ಪ್ರಶ್ನೆ ಕೇಳಿದರೆ ಹಳೆಯ ಯಜಮಾನ ಮರಳಿ ಬರುವನೆಂದು ಹೆದರಿಸುವುದು, ಹಸಿದ ಹೊಟ್ಟೆಗೆ ಉತ್ಪಾದನೆಯ ಅಂಕೆಸಂಖ್ಯೆ ಬಡಿಸುವುದು, ಕೆಟ್ಟದ್ದಕ್ಕೆಲ್ಲ ಓಡಿಹೋದ 'ದ್ರೋಹಿ'ಯನ್ನು ಹೊಣೆಮಾಡುವುದು, ಇರುಳಿನಲ್ಲಿ ಗೋಡೆಯ ನಿಯಮ ತಿದ್ದಿ, ಮೊದಲಿನಿಂದಲೂ ಹೀಗೇ ಇತ್ತು ಎನ್ನುವುದು.

ಮೈಮುರಿದು ದುಡಿದು, ಮುಖಂಡನನ್ನು ನಂಬಿದ ಬಾಕ್ಸರ್ ಎಂಬ ಕುದುರೆಯ ಗತಿಯೇನು? ಬಲ ಕುಂದಿದ ದಿನ ಕಟುಕನ ಬಂಡಿ ಬಂದಿತು. ಆಸ್ಪತ್ರೆಯಲ್ಲಿ ಸುಖಮರಣವಾಯಿತೆಂದು ಸ್ಕ್ವೀಲರ್ ಕಣ್ಣೀರು ಸುರಿಸಿತು. ಹಂದಿಗಳ ಮನೆಗೆ ಮದ್ಯದ ಪೆಟ್ಟಿಗೆ ಬಂದಿತು.

ಪ್ರಚಾರದ ಬಣ್ಣ ಬಯಲುಮಾಡಿದ ಈ ಕಥೆಯನ್ನೂ ಪ್ರಚಾರ ಬಿಡಲಿಲ್ಲ. 1954ರ ಚಲನಚಿತ್ರಕ್ಕೆ ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ. ಗುಟ್ಟಾಗಿ ಹಣ ಕೊಟ್ಟಿತು. ಕಥೆಯ ಕೊನೆಯೇ ಬದಲಾಯಿತು. ಗೋಡೆ ತಿದ್ದುವವರು ಒಂದೇ ಪಾಳೆಯದಲ್ಲಿಲ್ಲ.

ಮಕ್ಕಳಿಗೆ ಅಕ್ಷರ ಕಲಿಸಿದ ನನಗೆ ಹಂದಿಗಿಂತ ಆ ಕಥೆಯ ಕತ್ತೆಯೇ ಹೆಚ್ಚು ಕಾಡುತ್ತದೆ. ಅದಕ್ಕೆ ಓದು ಬರುತ್ತಿತ್ತು, ಆದರೂ ಸುಮ್ಮನಿತ್ತು. ಬಂಡಿಯ ಮೇಲಿನ ಬರಹವನ್ನು ಕೂಗಿ ಓದುವ ಹೊತ್ತಿಗೆ ಗೆಳೆಯ ಬಂಡಿಯೊಳಗಿದ್ದ. ಅಕ್ಷರ ಬಲ್ಲವನ ಮೌನವೇ ಸುಳ್ಳುಗಾರನ ಬಂಡವಾಳ.

ಆದುದರಿಂದ ಬಂಧುಗಳೇ, ಸಂಘದ ಸಭೆಯಲ್ಲಿ ಭಾಷಣಕ್ಕೆ ಮೊದಲು ಹೋದ ವರ್ಷದ ನಿರ್ಣಯ ಓದಿಸಿರಿ, ಲೆಕ್ಕ ಕೇಳಿರಿ. ಓದಲು ಬಾರದ ನೆರೆಯವನಿಗೆ ಓದಿ ಹೇಳಿರಿ. ವೇದಿಕೆಯ ಮೇಲಿರುವವರು ನಮ್ಮ ಪಕ್ಷದವರೇ ಆದರೂ ಬಿಡಬೇಡಿರಿ. ನಮ್ಮವರಾದರೆ ಇನ್ನೂ ಗಟ್ಟಿಯಾಗಿ ಕೇಳಿರಿ.