ದಮ್ಮಿನ ಉರಿಯೂತ ಮತ್ತು ಮೈದಣಿವು

ಕಲಬುರಗಿ ಸೀಮೆಯ ಜನ ದಮ್ಮು ಎಂದು ಕರೆಯುವ ಅಸ್ತಮಾ ಮೂಲತಃ ಶ್ವಾಸನಾಳಗಳ ದೀರ್ಘಕಾಲದ ಉರಿಯೂತ. ನಾಳದ ಒಳಪೊರೆ ಊದಿಕೊಂಡು, ಕಫ ಹೆಚ್ಚಿ, ಸುತ್ತಲಿನ ಸ್ನಾಯು ಅಲ್ಪ ಪ್ರಚೋದನೆಗೂ ಬಿಗಿದುಕೊಳ್ಳುವುದರಿಂದ ಉಸಿರು ಕಟ್ಟುತ್ತದೆ. ಓಡಿದಾಗ ಈ ಬಿಗಿತ ಎದ್ದು ಕಾಣುವ ಕಾರಣ, ದಮ್ಮಿರುವವರು ಮೈದಣಿಸಬಾರದೆಂಬ ನಂಬಿಕೆ ಬೇರೂರಿದೆ. ಅದು ಆಧಾರವಿಲ್ಲದ ಭಯವೇನಲ್ಲ: ಉಸಿರಾಟ ಜೋರಾದಂತೆ ಒಳಪೊರೆಯ ತೇವ ಆರುತ್ತದೆ, ಆಗ ಅಲ್ಲಿನ ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈನ್‌ಗಳಂಥ ರಾಸಾಯನಿಕಗಳನ್ನು ಹೊರಬಿಟ್ಟು ಸ್ನಾಯುವನ್ನು ಬಿಗಿಗೊಳಿಸುತ್ತವೆ, ಮತ್ತು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ನಾಡಿನ ಒಣಗಾಳಿಯಲ್ಲಿ ತೇವ ಇನ್ನೂ ಬೇಗ ಆರುತ್ತದೆ. ಆದರೆ ಒಂದು ಹೊತ್ತಿನ ಓಟ ತರುವ ತೊಂದರೆಯೇ ಬೇರೆ, ತಿಂಗಳುಗಟ್ಟಲೆ ಕ್ರಮವಾಗಿ ನಡೆಸಿದ ವ್ಯಾಯಾಮದ ಫಲವೇ ಬೇರೆ.

ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ರೋಗಿಗಳ ಎರಡೂ ಗುಂಪಿಗೆ ಉಸಿರಾಟದ ವ್ಯಾಯಾಮ ಕಲಿಸಿ, ಒಂದು ಗುಂಪನ್ನು ಮಾತ್ರ ಮೂರು ತಿಂಗಳು, ವಾರಕ್ಕೆರಡು ಬಾರಿ ಟ್ರೆಡ್‌ಮಿಲ್ ಮೇಲೆ ನಡೆಸಲಾಯಿತು. ನಡೆದವರ ಶ್ವಾಸನಾಳಗಳು ಸುಲಭಕ್ಕೆ ಕೆರಳದಾದವು. ಉರಿಯೂತದ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್-6 ರಕ್ತದಲ್ಲಿ ಇಳಿಯಿತು. ಅಲರ್ಜಿಯ ಉರಿಯೂತದಲ್ಲಿ ಹೆಚ್ಚುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು, ಮೊದಲೇ ಹೆಚ್ಚಿದ್ದವರ ಕಫದಲ್ಲಿ ಕಡಿಮೆಯಾದವು. ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ 1985ರಲ್ಲಿ ಪ್ರಕಟಿಸಿದ ಬೆಂಗಳೂರಿನ ಯೋಗ ಅಧ್ಯಯನ, ದಮ್ಮು ಕೆರಳುವ ಸಂದರ್ಭಗಳು ಮತ್ತು ಔಷಧದ ಅಗತ್ಯ ತಗ್ಗಿದ್ದನ್ನು ಅದಕ್ಕೂ ಮೂವತ್ತು ವರ್ಷ ಮೊದಲೇ ದಾಖಲಿಸಿತ್ತು. ಆ ಕೆಲಸದ ಬೆಲೆ ದೊಡ್ಡದು, ಆದರೂ ಹೃದಯದ ಬಡಿತವನ್ನು ಏರಿಸಿ ಹಿಡಿದಿಡುವ ಏರೋಬಿಕ್ ವ್ಯಾಯಾಮದ ಸ್ಥಾನವನ್ನು ಪ್ರಾಣಾಯಾಮವೊಂದೇ ತುಂಬುತ್ತದೆಂದು ಅದರಿಂದ ತೀರ್ಮಾನಿಸಲಾಗದು.

ಇಲ್ಲಿ ಇನ್ನೊಂದು ವಾದ ಎದುರಾಗುತ್ತದೆ: ಇದೇ ಸೀಮೆಯ ಕಮಲಾಪುರದ ಹೊಲಗಳಲ್ಲಿ ದಿನವಿಡೀ ದುಡಿಯುವವರಿಗೆ ಬೇರೆ ವ್ಯಾಯಾಮ ಯಾಕೆ? ತೊಗರಿ ರಾಶಿಯ ಕಾಲದಲ್ಲಿ ಮಷಿನ್ನಿನ ಮುಂದೆ ನಿಂತವರು ಏದುಸಿರಿನೊಂದಿಗೆ ಹೊಟ್ಟಿನ ಧೂಳನ್ನೂ ಒಳಗೆಳೆದುಕೊಳ್ಳುತ್ತಾರೆ. ಮೈದಣಿವು ಉರಿಯೂತವನ್ನು ತಗ್ಗಿಸಬಹುದಾದಲ್ಲಿ ಧೂಳು ಅದನ್ನೇ ಕೆರಳಿಸುತ್ತದೆ. ದುಡಿಮೆಯ ವೇಗವನ್ನೂ ಬಿಡುವನ್ನೂ ನಿರ್ಧರಿಸುವುದು ಕೆಲಸವೇ ಹೊರತು ದುಡಿಯುವವರ ಉಸಿರಲ್ಲ. ಕಲಬುರಗಿಯ ಅಪ್ಪನ ಕೆರೆಯ ಸುತ್ತ ನಸುಕಿನಲ್ಲಿ ನಡೆಯಬಲ್ಲ ನಗರದವರಿಗೆ ಸಿಗುವ ಗಾಳಿ, ಹೊತ್ತು, ನಿಧಾನವಾಗಿ ವೇಗ ಏರಿಸುವ ಅವಕಾಶ ಕೂಲಿಕಾರರಿಗೆ ದೊರೆಯುವುದಿಲ್ಲ; ಈ ಅಸಮಾನತೆಯನ್ನು ಬಿಟ್ಟು ವ್ಯಾಯಾಮದ ಸಲಹೆ ನೀಡುವುದು ಅರ್ಧ ಚಿಕಿತ್ಸೆ.

ಯಾವ ಅಧ್ಯಯನವೂ ನಡಿಗೆಯನ್ನು ಇನ್‌ಹೇಲರ್‌ಗೆ ಪರ್ಯಾಯವೆಂದು ಸಾಧಿಸಿಲ್ಲ. ಉರಿಯೂತವನ್ನು ನೇರವಾಗಿ ತಗ್ಗಿಸುವ, ಉಸಿರಿನೊಂದಿಗೆ ಸೇದುವ ಸ್ಟೀರಾಯ್ಡ್ ಔಷಧವನ್ನು ನಡಿಗೆ ಹಿಡಿಸಿತೆಂದು ನಿಲ್ಲಿಸುವಂತಿಲ್ಲ. ದಮ್ಮು ಹತೋಟಿಗೆ ಬಂದ ಮೇಲೆ, ಹತ್ತು ನಿಮಿಷ ಮೈ ಬಿಸಿಮಾಡಿಕೊಂಡು, ವೈದ್ಯರು ಹೇಳಿದ್ದರೆ ಮುಂಚಿತವಾಗಿಯೇ ಇನ್‌ಹೇಲರ್ ಬಳಸಿ ಹೊರಟವರಿಗೆ ನಡಿಗೆ ಭಯದ ಸಂಗತಿಯಾಗಬೇಕಿಲ್ಲ.