ಮದುವೆಗೆ ಮೊದಲೇ ಬೀಗರೂಟ!

ಒಂದೇ ಊರಿನ ಎರಡು ತಂಡಗಳು ಕಪ್ ಸೆಮಿಫೈನಲ್‌ನಲ್ಲಿ ಎದುರುಬದುರು ಅಂತ ಗೊತ್ತಾದರೆ ಸಾಕು, ಅಭಿಮಾನಿ ಅನ್ನಿಸಿಕೊಂಡವನಿಗೆ ಅನ್ನ ಸೇರುವುದಿಲ್ಲ. ಫೈನಲ್‌ನಲ್ಲಿ ಸೋತವನಿಗೆ ರನ್ನರ್ಸ್ ಅಪ್ ಅಂತ ಒಂದು ಹೆಸರಾದರೂ ಉಂಟು, ಕೊರಳಿಗೆ ಒಂದು ಪದಕ ಉಂಟು. ಸೆಮಿಫೈನಲ್‌ನಲ್ಲಿ ಸೋತವನಿಗೇನು? ಮಾರನೆ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಹಲ್ಲು ಕಿಸಿಯುವ ಪಕ್ಕದ ಮನೆಯವನ ಮುಖ. ಅಷ್ಟೇ!

ಅಂಥ ಒಂದು ಸೆಮಿಫೈನಲ್‌ಗಾಗಿ ಕಲ್ಕತ್ತದ ಫುಟ್‌ಬಾಲ್ ಅಭಿಮಾನಿ ಪ್ರತಿ ವರ್ಷ ಬಾಯಿ ಬಿಟ್ಟುಕೊಂಡು ಕಾಯುತ್ತಾನೆ. ಮೋಹನ್ ಬಗಾನ್ ಒಂದು ಕಡೆ, ಈಸ್ಟ್ ಬೆಂಗಾಲ್ ಇನ್ನೊಂದು ಕಡೆ. ಗೆದ್ದವನು ಫೈನಲ್‌ಗೆ, ಸೋತವನು ಮನೆಗೆ. ಆದರೆ ಕಪ್ ನಡೆಸುವ ದೊಡ್ಡವರಿಗೆ ಅಷ್ಟು ತಾಳ್ಮೆ ಎಲ್ಲಿದೆ ಸ್ವಾಮಿ?

ದಾಯಾದಿ ಜಗಳ ಇಂದು ನಿನ್ನೆಯದಲ್ಲ. ಮೋಹನ್ ಬಗಾನ್ ಹುಟ್ಟಿದ್ದು 1889ರಲ್ಲಿ. ಈಸ್ಟ್ ಬೆಂಗಾಲ್ 1920ರಲ್ಲಿ. ಮರುವರ್ಷವೇ, 1921ರ ಆಗಸ್ಟಿನಲ್ಲಿ ಇಬ್ಬರೂ ಮೊದಲ ಸಲ ಎದುರಾದದ್ದು ಕೂಚ್ ಬಿಹಾರ್ ಕಪ್ಪಿನ ಸೆಮಿಫೈನಲ್‌ನಲ್ಲೇ! ಮೊದಲ ದಿನ ಗೋಲಿಲ್ಲ. ಮತ್ತೆ ಆಡಿಸಿದಾಗ ಬಗಾನ್ 3-0. 1947ರ ನಂತರ ಆ ಕಡೆಯ ಬಂಗಾಳದಿಂದ ಮನೆಮಠ ಬಿಟ್ಟು ಬಂದವರಿಗೆ ಈಸ್ಟ್ ಬೆಂಗಾಲ್ ಬರೀ ತಂಡವಾಗಿ ಉಳಿಯಲಿಲ್ಲ, ಬಿಟ್ಟು ಬಂದ ಊರಿನ ಹೆಸರೇ ಆಯಿತು. ಅವರು ಬಾಂಗಾಲ್‌ಗಳು, ಇಲ್ಲಿಯವರು ಘೋಟಿಗಳು. ಈಸ್ಟ್ ಬೆಂಗಾಲ್ ಗೆದ್ದರೆ ಮನೆಯಲ್ಲಿ ಇಲಿಶ್ ಮೀನಿನ ಸಾರು, ಬಗಾನ್ ಗೆದ್ದರೆ ಸಿಗಡಿ. ಯಾರೇ ಗೆಲ್ಲಲಿ, ಮೀನಿನಂಗಡಿಯವನಿಗೆ ಮಾತ್ರ ಸೋಲಿಲ್ಲ.

ಬೆಂಗಳೂರಿನವರು ಇದನ್ನು ಯಾರದೋ ಮನೆ ಮದುವೆ ಅಂದುಕೊಳ್ಳಬೇಕಾಗಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿ ಬಂದ ಬೆಂಗಳೂರಿನ ಅಹಮದ್ ಖಾನ್, ಮರುವರ್ಷ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನ 'ಪಂಚ ಪಾಂಡವ'ರಲ್ಲಿ ಒಬ್ಬರಾದರು. ಬೆಂಗಳೂರಿನವರೇ ಆದ ಕೆಂಪಯ್ಯ ಬಗಾನ್ ಕಡೆ ಆಡಿದರು. ಸುನಿಲ್ ಛೆಟ್ರಿ ಶುರು ಮಾಡಿದ್ದು ಬಗಾನ್‌ನಲ್ಲಿ, ಆಮೇಲೆ ಈಸ್ಟ್ ಬೆಂಗಾಲ್ ಅಂಗಿಯನ್ನೂ ತೊಟ್ಟು, 2013ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದದ್ದು. ಎರಡೂ ಮನೆಯ ಉಪ್ಪು ತಿಂದವರು ಇಲ್ಲಿಯವರಲ್ಲೂ ಇದ್ದಾರೆ.

ಇನ್ನು 1997ರ ಜುಲೈ 13ಕ್ಕೆ ಬರೋಣ. ಫೆಡರೇಷನ್ ಕಪ್ ಸೆಮಿಫೈನಲ್, ಸಾಲ್ಟ್ ಲೇಕ್ ಕ್ರೀಡಾಂಗಣ, ಭಾನುವಾರ. ಬಂದಿದ್ದ ಜನರ ಲೆಕ್ಕ 1,31,000 ದಾಟಿತ್ತು. ಈ ದೇಶದಲ್ಲಿ ಒಂದು ಆಟದ ಪಂದ್ಯಕ್ಕೆ ಅಷ್ಟು ಜನ ಸೇರಿದ್ದು ಇನ್ನೊಂದು ಹುಡುಕುವುದು ಕಷ್ಟ. 2017ರ ಹದಿಹರೆಯದವರ ವಿಶ್ವಕಪ್‌ಗೆಂದು ಬೆಂಚು ಕಿತ್ತು ಕುರ್ಚಿ ಹಾಕಿದ ಮೇಲೆ ಅಲ್ಲಿ ಅಷ್ಟು ಜನ ಹಿಡಿಯುವುದೂ ಇಲ್ಲ.

ಅಷ್ಟು ಜನ ಯಾಕೆ ಬಂದರು? ಟಿಕೆಟ್ ಕಮ್ಮಿ ಅಂತಲ್ಲ. ಬಗಾನ್ ಕೋಚ್ ಅಮಲ್ ದತ್ತ 'ಡೈಮಂಡ್' ಅನ್ನೋ ಹೊಸ ವ್ಯೂಹ ಕಟ್ಟಿ ಎದುರು ಬಂದವರನ್ನೆಲ್ಲ ಚಿಂದಿ ಮಾಡಿಕೊಂಡು ಬಂದಿದ್ದರು. ಅವರ ಬಾಯಿಯೂ ಅಷ್ಟೇ ಹರಿತ. ಈಸ್ಟ್ ಬೆಂಗಾಲ್‌ನ ಭೈಚುಂಗ್ ಭುಟಿಯಾರನ್ನು 'ಚುಂಗ್ ಚುಂಗ್' ಅಂದರು, ಓಮೊಲೊ ಅನ್ನೋ ಆಟಗಾರನನ್ನು 'ಆಮ್ಲೆಟ್' ಅಂದರು! ಈಸ್ಟ್ ಬೆಂಗಾಲ್ ಕೋಚ್ ಪಿ.ಕೆ. ಬ್ಯಾನರ್ಜಿ ಹಳೇ ಹುಲಿ. 1960ರ ರೋಮ್ ಒಲಿಂಪಿಕ್ಸ್‌ಗೆ ಭಾರತ ತಂಡದ ನಾಯಕರಾಗಿ ಹೋಗಿ ಬಂದವರು. ಬೈಗುಳವನ್ನೆಲ್ಲ ಹುಡುಗರ ಹೊಟ್ಟೆಗೆ ಕಿಚ್ಚಾಗಿ ಹಾಕಿದರು. ನಜೀಮುಲ್ ಹಕ್ ಒಂದು ಗೋಲು ಹೊಡೆದರೆ, ಆ 'ಚುಂಗ್ ಚುಂಗ್' ಒಬ್ಬರೇ ಮೂರು ಹೊಡೆದರು. ಬಗಾನ್‌ಗೆ ಚೀಮಾ ಹೊಡೆದ ಒಂದೇ ಗೋಲು. 4-1. ವಜ್ರ ಗಾಜಾಯಿತು.

ಈ ಪಂದ್ಯದ ತೂಕ ಬಂದದ್ದು ಎಲ್ಲಿಂದ ಅಂದರೆ, ಎರಡೂ ತಂಡ ಗೆದ್ದುಕೊಂಡು ಬಂದು ಅಲ್ಲಿ ನಿಂತಿದ್ದವು. ಯಾರೋ ಮೇಜಿನ ಮುಂದೆ ಕೂತು ತಂದು ನಿಲ್ಲಿಸಿದ್ದಲ್ಲ.

ಡುರಾಂಡ್ ಕಪ್ ಕಥೆ ನೋಡಿ. 1888ರಲ್ಲಿ ಸಿಮ್ಲಾದಲ್ಲಿ ಶುರುವಾದ, ಸೈನ್ಯದವರು ನಡೆಸುವ ಮರ್ಯಾದಸ್ಥ ಪಂದ್ಯಾವಳಿ. 2019ರಲ್ಲಿ ಬಂಗಾಳಕ್ಕೆ ಬಂತು. 2022ರಲ್ಲಿ ದಾಯಾದಿಗಳಿಬ್ಬರನ್ನೂ ಒಂದೇ ಗುಂಪಿಗೆ ಹಾಕಿದರು. 2023ರಲ್ಲೂ ಒಂದೇ ಗುಂಪು. 2024ರಲ್ಲೂ ಅದೇ! ಮೂರು ಸಲವೂ ಚೀಟಿ ಹಾಗೇ ಬಿತ್ತೇ ಅಂತ ಅಭಿಮಾನಿ ಕೇಳಿದರೆ ತಪ್ಪೇನು? ಗೇಟು ತುಂಬುವ ಪಂದ್ಯ ಗುಂಪಿನ ಹಂತದಲ್ಲೇ ಗ್ಯಾರಂಟಿ ಆಗಲಿ ಅನ್ನೋ ಲೆಕ್ಕಾಚಾರ ಇದು ಅನ್ನೋದು ಅವನ ಗುಮಾನಿ. ದೀಪಾವಳಿ ಪಟಾಕಿಯನ್ನು ಆಷಾಢದಲ್ಲೇ ಮಾರಿ ಗಲ್ಲಾ ತುಂಬಿಸಿಕೊಂಡ ಹಾಗೆ. ಹಬ್ಬದ ದಿನ ಸಿಡಿಸೋದಕ್ಕೆ ಏನು ಉಳಿಯಿತು?

ನಡೆಸುವವರ ಕಡೆ ಒಂದು ಮಾತಿದೆ, ಅದನ್ನೂ ಹೇಳಬೇಕು. 2022ರಲ್ಲಿ ಈ ಎರಡೂ ದೊಡ್ಡ ತಂಡಗಳು ಗುಂಪಿನಿಂದಲೇ ಹೊರಬಿದ್ದವು. ಕಪ್ ಗೆದ್ದದ್ದು ಬೆಂಗಳೂರು ಎಫ್‌ಸಿ. ಸೆಮಿಫೈನಲ್‌ಗೆ ಕಾದಿದ್ದರೆ ಆ ವರ್ಷ ದಾಯಾದಿ ಪಂದ್ಯವೇ ಇರುತ್ತಿರಲಿಲ್ಲ. ಹೌದು, ಇರುತ್ತಿರಲಿಲ್ಲ. ಆಗಲಿ ಬಿಡಿ! ಎಂಟರ ಘಟ್ಟಕ್ಕೂ ಬರಲಾಗದ ತಂಡಗಳಿಗೆ ತುಂಬಿದ ಗ್ಯಾಲರಿ ಯಾವ ಲೆಕ್ಕದಲ್ಲಿ ದಕ್ಕಬೇಕು? 2023ರಲ್ಲಂತೂ ಇನ್ನೂ ತಮಾಷೆ. ಆಗಸ್ಟ್ 12ರಂದು ಗುಂಪಿನಲ್ಲಿ ಈಸ್ಟ್ ಬೆಂಗಾಲ್ 1-0 ಗೆದ್ದು ಕುಣಿದಾಡಿತು. ಸೆಪ್ಟೆಂಬರ್ 3ರ ಫೈನಲ್‌ನಲ್ಲಿ ಬಗಾನ್ ಹತ್ತೇ ಜನರಲ್ಲಿ ಆಡಿ 1-0 ಗೆದ್ದು ಕಪ್ಪನ್ನೇ ಹೊತ್ತುಕೊಂಡು ಹೋಯಿತು. ಮೊದಲನೇ ಪಂದ್ಯದ ಕುಣಿತಕ್ಕೆ ಬೆಲೆ ಏನು ಉಳಿಯಿತು?

2024ರ ಆಗಸ್ಟ್ 18ರದು ಬೇರೆಯೇ ಮಾತು. ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆದು ಊರಿಗೂರೇ ಬೀದಿಗಿಳಿದಿತ್ತು. ಬಂದೋಬಸ್ತಿಗೆ ಪೊಲೀಸರು ಸಾಲರು ಅಂತ ಪಂದ್ಯ ರದ್ದು ಮಾಡಿ ತಂಡಕ್ಕೊಂದು ಪಾಯಿಂಟ್ ಹಂಚಿದರು. ಆಟ ಇಲ್ಲ ಅಂತ ಗೊತ್ತಿದ್ದೂ ಎರಡೂ ಕಡೆಯ ಅಭಿಮಾನಿಗಳು ಸಾಲ್ಟ್ ಲೇಕ್ ಬಾಗಿಲಿಗೆ ಬಂದರು. ಹೊಡೆದಾಡುವುದಕ್ಕಲ್ಲ, ಆ ಹೆಣ್ಣುಮಗಳಿಗೆ ನ್ಯಾಯ ಕೊಡಿ ಅಂತ ಒಂದೇ ದನಿಯಲ್ಲಿ ಕೂಗುವುದಕ್ಕೆ. ಪಂದ್ಯ ಕಾಯೋದಕ್ಕೆ ಸಾಲದ ಪೊಲೀಸರು ಲಾಠಿ ಬೀಸುವುದಕ್ಕೆ ಮಾತ್ರ ಸಾಕಾದರು! ಕೆಂಪು ಹಳದಿಯೂ ಹಸಿರು ಮೆರೂನೂ ಅವತ್ತು ಹೆಗಲ ಮೇಲೆ ಕೈ ಹಾಕಿಕೊಂಡು ನಿಂತದ್ದನ್ನು ಕಂಡವರು ಈ ಜನರನ್ನು ಪುಂಡರು ಅನ್ನಲಾರರು.

ಹಾಗಂತ ಕಾವಲು ಬೇಡ ಅಂತಲ್ಲ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಲೀಗ್ ಪಂದ್ಯ. ಮೈದಾನದ ಜಗಳ ಗ್ಯಾಲರಿಗೆ ಹತ್ತಿ, ನೂಕುನುಗ್ಗಲಿನಲ್ಲಿ 16 ಮಂದಿ ಸತ್ತರು. ಆಟ ನೋಡಲು ಮನೆಯಿಂದ ಹೊರಟ 16 ಮಂದಿ. ಇವತ್ತಿಗೂ ಅವರ ನೆನಪಿಗೆ ಆ ದಿನ ಕಲ್ಕತ್ತದಲ್ಲಿ ರಕ್ತದಾನ ನಡೆಯುತ್ತದೆ. ಕಪ್ಪಿನ ಸೆಮಿಫೈನಲ್ ಅಂದರೆ ಅವತ್ತಿನದಕ್ಕಿಂತ ಹೆಚ್ಚು ಬಿಸಿ. ಒಬ್ಬ ಅವತ್ತೇ ಮನೆಗೆ ಹೋಗಲೇಬೇಕು.

ಕೊನೆಯದಾಗಿ 2025ನ್ನು ನೋಡಿ. ಅಂತೂ ಇಂತೂ ಬೇರೆ ಬೇರೆ ಗುಂಪು ಮಾಡಿದರು. ಆಗಸ್ಟ್ 17ರಂದು ಎಂಟರ ಘಟ್ಟದಲ್ಲಿ ದಾಯಾದಿಗಳು ಎದುರಾದರು, ಈಸ್ಟ್ ಬೆಂಗಾಲ್ 2-1. ಊರೆಲ್ಲ ಇಲಿಶ್ ವಾಸನೆ. ಮೂರೇ ದಿನದಲ್ಲಿ, 20ರಂದು, ಸೆಮಿಫೈನಲ್. ಎದುರಿಗೆ ಪಕ್ಕದ ಜಿಲ್ಲೆಯ ಡೈಮಂಡ್ ಹಾರ್ಬರ್ ಅನ್ನೋ ಎಳೇ ತಂಡ. ದೊಡ್ಡವರು 1-2 ಸೋತು ಮನೆಗೆ! 1997ರಲ್ಲಾದರೂ ಬೇರೆ ಏನಾಯಿತು? ಬಗಾನ್‌ಗೆ ನಾಲ್ಕು ಹೊಡೆದ ಅದೇ ಈಸ್ಟ್ ಬೆಂಗಾಲ್ ಫೈನಲ್‌ನಲ್ಲಿ ಗೋವಾದ ಸಾಲ್ಗಾವ್ಕರ್ ಕೈಲಿ 1-2 ಸೋತಿತು. ಅದನ್ನು ಈಗ ನೆನಪಿಟ್ಟವರು ಗೋವಾದಲ್ಲಿ ಸಿಕ್ಕಾರು, ಕಲ್ಕತ್ತದಲ್ಲಿ ಕಷ್ಟ. ದಾಯಾದಿಯನ್ನು ಹೊಡೆದ ಮೇಲೆ ಕಾಲಲ್ಲಿ ಕಸುವೂ ಇರುವುದಿಲ್ಲ, ತಲೆಯಲ್ಲಿ ಕಪ್ಪೂ ಇರುವುದಿಲ್ಲ.

ಆದ್ದರಿಂದ ಮುಂದಿನ ಕಪ್ಪಿಗೆ ಅಭಿಮಾನಿ ಕೇಳುವುದು ದೊಡ್ಡದೇನಲ್ಲ. ಗುಂಪು ಹಾಕುವಾಗ ಇಬ್ಬರನ್ನೂ ಬೇರೆ ಬೇರೆ ಇಡಿ. ಆಮೇಲಿನ ಚೀಟಿಯನ್ನು ಹತ್ತು ಜನರ ಎದುರು, ಟಿವಿಯಲ್ಲಿ ಎತ್ತಿ. ಸೆಮಿಫೈನಲ್‌ಗೆ ಬಂದರೆ ಬರಲಿ, ಬಾರದಿದ್ದರೆ ಅವರ ಹಣೆಬರಹ. ಬಂದರೆ ಫೈನಲ್‌ಗೂ ಅದಕ್ಕೂ ಒಂದು ವಾರ ಬಿಡಿ, ಹುಡುಗರ ಕಾಲು ಸುಧಾರಿಸಿಕೊಳ್ಳಲಿ. ಎರಡು ಕಡೆಯವರಿಗೆ ಬೇರೆ ಗೇಟು, ಬೇರೆ ದಾರಿ ಇರಲಿ. ಸಂಜೆ 7ಕ್ಕೆ ಶುರು ಮಾಡಿ ಪೆನಾಲ್ಟಿವರೆಗೂ ಹೋದರೆ 9 ದಾಟುತ್ತದೆ. ಸೋತವನಿಗೂ ಮನೆ ಸೇರಲು ಒಂದು ಬಸ್ಸು ಬೇಕು ನೋಡಿ. ಪಂದ್ಯ ಮುಗಿಯುವ ಹೊತ್ತಿಗೆ ಅದು ಗೇಟಿನ ಹೊರಗೆ ಇಂಜಿನ್ ಚಾಲೂ ಮಾಡಿಕೊಂಡು ನಿಂತಿರಬೇಕು.